ಬಲದಿಂದ ಎಡಕ್ಕೆ

ಫೆಬ್ರವರಿ 3, ಸೋಮವಾರ

ಇವತ್ತು ಮೂರು ಜನ ಬಂದಿದ್ದರು. ಮೂವರಿಗೂ ಮಾವ ಅದೇ ಕಥೆ ಹೇಳಿದರು. ಅದೇ ಕುರ್ಚಿ, ಅದೇ ನಿಟ್ಟುಸಿರು, ಅದೇ ಜಾಗದಲ್ಲಿ ತಲೆ ಅಲ್ಲಾಡಿಸುವುದು. ಮಗ ಮರ ಕೊರೆಯುವ ರೌಟರ್ ಮೆಷಿನ್ ಮುಂದೆ ನಿಂತಿದ್ದನಂತೆ, ಮರದ ಪಟ್ಟಿ ಅರ್ಧ ಒಳಗೆ ಹೋಗಿತ್ತಂತೆ, ಇವಳು ಊಟಕ್ಕೆ ಬನ್ನಿ ಅಂತ ಕೂಗಿದಳಂತೆ, ಅವನು ತಲೆ ತಿರುಗಿಸಿದನಂತೆ, ಎರಡು ಬೆರಳು ಹೋಯಿತಂತೆ. ಬಂದವರು ಮೊದಲು ನನ್ನ ಗಂಡನ ಎಡಗೈಯ ಬ್ಯಾಂಡೇಜ್ ನೋಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಹತ್ತೊಂಬತ್ತು ದಿನವಾಯಿತು. ಇವರು ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ. ಅಪ್ಪ ಕಥೆ ಹೇಳುವಾಗ ಕಿಟಕಿ ನೋಡುತ್ತಾ ಕೂರುತ್ತಾರೆ. ನೋವಿದೆ, ಪಾಪ ಎಂದು ಮೊದಮೊದಲು ನಾನೂ ಸುಮ್ಮನಿದ್ದೆ. ಈಗ ನನ್ನ ಮೈಯೆಲ್ಲ ಉರಿಯುತ್ತದೆ.

ನಾನು ಕೂಗಿದ್ದು ಒಂದೇ ಸಲ. ಬಾಗಿಲಲ್ಲಿ ನಿಂತು ಕೂಗಿದೆ. ಮದುವೆಯಾಗಿ ಈ ಮನೆಗೆ ಬಂದ ಹದಿನಾರು ವರ್ಷದಿಂದ ದಿನಾ ಮಧ್ಯಾಹ್ನ ಹಾಗೇ ಕೂಗಿದ್ದೇನೆ. ಆ ಮೆಷಿನ್ ಅರಚುವಾಗ ಪಿಸುಗುಟ್ಟಿದರೆ ಯಾರಿಗೆ ಕೇಳುತ್ತದೆ? ಇವರ ಬೆನ್ನು ನನ್ನ ಕಡೆಗಿತ್ತು, ಮೆಷಿನ್ ಕಾಣುತ್ತಿರಲಿಲ್ಲ. ಕೂಗಿದೆ, ತಿರುಗಿದರು, ಕೈಯಿಂದ ರಕ್ತ ಸುರಿಯುತ್ತಿತ್ತು. ನಾನು ನೋಡಿದ್ದು ಇಷ್ಟೇ.

ಈ ಡೈರಿ ಹಾರ್ಡ್‌ವೇರ್ ಅಂಗಡಿಯವರು ಕೊಟ್ಟಿದ್ದು. ಅಳತೆ ಬರೆದುಕೊಳ್ಳಲು ಇಟ್ಟಿದ್ದೆ. ಇಲ್ಲಿ ಬೈಯದಿದ್ದರೆ ಹಜಾರದಲ್ಲಿ ಬೈಯಬೇಕಾಗುತ್ತದೆ.

ಫೆಬ್ರವರಿ 8, ಶನಿವಾರ

ಲೈಬ್ರರಿ ಮೇಡಂ ಬಂದಿದ್ದರು. ಅವರ ಹೊಸ ಓದುವ ಕೋಣೆಯ ಕಪಾಟುಗಳಿಗೆ ಇಪ್ಪತ್ತನಾಲ್ಕು ಗಾಜಿನ ಬಾಗಿಲು ನಾವು ಮಾಡಿಕೊಡಬೇಕು. ಒಂಬತ್ತು ಬಾಗಿಲಿನ ಪಟ್ಟಿಗಳ ಕೆಲಸ ಆಗಿತ್ತು, ಅಷ್ಟರಲ್ಲಿ ಹೀಗಾಯಿತು. ಮಾರ್ಚ್ ಹನ್ನೆರಡಕ್ಕೆ ಕೋಣೆ ತೆರೆಯಬೇಕಂತೆ. ಬೇರೆ ಕಡೆ ಕೊಡಲೇ ಎಂದು ಮೆಲ್ಲಗೆ ಕೇಳಿದರು. ಇವರು ಬೇಡ ಎಂದರು. ಮತ್ತೆ ಯಾರು ಮಾಡುತ್ತಾರೆ ಎಂದು ಹೇಳಲಿಲ್ಲ. ಮಾವನಿಗೆ ಮಂಡಿ ನೋವು, ಹತ್ತು ನಿಮಿಷ ನಿಲ್ಲಲಾಗದು. ಎಲ್ಲರೂ ನೆಲ ನೋಡುತ್ತಿದ್ದರು.

ನಾನು ಮಾಡ್ತೀನಿ ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ, ಸಿಟ್ಟಿಗೆ ಬಾಯಿಂದ ಬಂತು. ಮಾವ ನಕ್ಕರು. "ಎಲೆ ಬಳ್ಳಿ ಕೊರೆಯೋ ಕೆಲಸ ಅಲ್ಲಮ್ಮ ಅದು." ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಕಪಾಟಿನ ತಲೆಪಟ್ಟಿಗೆ ಎಲೆ ಬಳ್ಳಿ ಕೊರೆಯುವುದು ನನ್ನ ಕೆಲಸ. ನನ್ನದು ಪುಟ್ಟ ರೋಟರಿ ಮೆಷಿನ್, ದಪ್ಪ ಪೆನ್ನಿನ ಹಾಗೆ ಕೈಯಲ್ಲಿ ಕೂರುತ್ತದೆ, ಜೀರುಂಡೆಯಷ್ಟು ಸದ್ದು ಮಾಡುತ್ತದೆ. ರೌಟರ್ ಹಾಗಲ್ಲ. ಮೇಜಿನ ಕೆಳಗೆ ತಲೆಕೆಳಗಾಗಿ ಕೂರಿಸಿದ ದೊಡ್ಡ ಮೋಟರ್, ಮೇಜಿನ ತೂತಿನಿಂದ ತಲೆ ಎತ್ತಿದ ಬಿಟ್, ಅಂದರೆ ಗಿರಗಿರ ತಿರುಗುವ ಅಲಗು. ಅದನ್ನು ಕಂಡರೆ ನನಗೆ ಹದಿನಾರು ವರ್ಷದಿಂದ ಭಯ. ಈಗ ಅಸಹ್ಯ ಕೂಡ.

ಬಾಗಿಲು ಮುಗಿಯಲಿ, ಅದನ್ನು ಗುಜರಿಗೆ ಹಾಕಿಸುತ್ತೇನೆ.

ಫೆಬ್ರವರಿ 11, ಮಂಗಳವಾರ

ಮೊದಲ ದಿನ. ಇವರು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟರು. ಹೇಳಿಕೊಟ್ಟರು ಏನು, ತಲೆ ತಿಂದರು.

ಬಾಗಿಲಿನ ಪ್ರತಿ ಪಟ್ಟಿಯ ಅಂಚಿಗೂ ಗಾಜು ಕೂರಲು ಉದ್ದಕ್ಕೆ ಮೆಟ್ಟಿಲಿನಂಥ ಒಂದು ತಗ್ಗು ಹೊಡೆಯಬೇಕು, ಅದನ್ನೇ ಮೆಟ್ಟಿಲು ಅನ್ನುವುದು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಹಿಂದಿನ ಆಸರೆಗೆ ಒತ್ತಿ ಹಿಡಿದು, ಬಲದಿಂದ ಎಡಕ್ಕೆ ತಳ್ಳುವುದು. ಬಲದಿಂದ ಎಡಕ್ಕೆ, ಬಲದಿಂದ ಎಡಕ್ಕೆ, ಅದನ್ನೇ ಇಪ್ಪತ್ತು ಸಲ ಹೇಳಿದರು. ಬಿಟ್ ತಿರುಗುವುದು ನಮಗೆ ಎದುರಾಗಿ, ಹಾಗಾಗಿ ಮರವನ್ನು ಅದು ವಾಪಸ್ ಬಲಕ್ಕೇ ನೂಕುತ್ತಿರುತ್ತದೆ, ನಾವು ಅದರ ವಿರುದ್ಧ ತಳ್ಳುತ್ತೇವೆ, ಪಟ್ಟಿ ಹಿಡಿತದಲ್ಲಿರುತ್ತದೆ. ಎಡದಿಂದ ಕೊಟ್ಟರೆ ಬಿಟ್ ಮರವನ್ನು ಕಚ್ಚಿಕೊಂಡು ತಾನೇ ಎಳೆದುಕೊಳ್ಳುತ್ತದೆ. "ಮರದ ಜೊತೆ ಕೈಯನ್ನೂ ಎಳ್ಕೊಳ್ಳುತ್ತೆ," ಎಂದು ಹೇಳಿ ಯಾಕೋ ಎದ್ದು ನೀರು ಕುಡಿಯಲು ಹೋದರು.

ಒಂದೇ ಪಟ್ಟಿ ಮಾಡಿದೆ. ಹೆದರಿ ನಿಧಾನಕ್ಕೆ ತಳ್ಳಿದ್ದಕ್ಕೆ ಅಂಚೆಲ್ಲ ಕಪ್ಪಗೆ ಸುಟ್ಟಿತು. ಮಾವ ಬಂದು ಮೂಸಿ ನೋಡಿ, ತೇಗದ ಮರ ಸುಟ್ಟ ವಾಸನೆ ಈ ಶೆಡ್ಡಿನಲ್ಲಿ ಇದೇ ಮೊದಲು ಎಂದು ಹೇಳಿ ಹೋದರು.

ಫೆಬ್ರವರಿ 12

ಎರಡು ಪಟ್ಟಿ ಸುಟ್ಟೆ.

ಐದು ನಿಮಿಷ ತಡೆದು ಕರೆದಿದ್ದರೆ ಏನಾಗುತ್ತಿತ್ತು? ಅನ್ನ ಆರುತ್ತಿತ್ತು, ಅಷ್ಟೆ. ಇದನ್ನು ನಾಳೆ ಗೀಚಿ ಹಾಕಬೇಕು.

ಫೆಬ್ರವರಿ 19, ಬುಧವಾರ

ಹದಿನೆಂಟು ಪಟ್ಟಿ. ಇವತ್ತಿನ ಐದರಲ್ಲಿ ಒಂದೂ ಸುಟ್ಟಿಲ್ಲ. ಒಂದೇ ಸಲಕ್ಕೆ ಪೂರ್ತಿ ಆಳ ಕೊಟ್ಟರೆ ಮೋಟರ್ ನರಳುತ್ತದೆ. ಮೂರು ಸಲವಾಗಿ ಸ್ವಲ್ಪ ಸ್ವಲ್ಪ ಆಳ ಹೆಚ್ಚಿಸಿದರೆ ಸದ್ದು ಒಂದೇ ಸಮ ಇರುತ್ತದೆ. ಕೈಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಇದನ್ನು ಇವರು ಹೇಳಿಕೊಡಲಿಲ್ಲ. ಹೇಳಿದ್ದರೂ ನನಗೆ ಕೇಳಿಸಿರಲಿಕ್ಕಿಲ್ಲ, ಸಿಟ್ಟಿನಲ್ಲಿದ್ದೆ. ಬೆರಳು ಹತ್ತಿರ ಹೋಗದಂತೆ ಹಿಂದಿನಿಂದ ನೂಕಲು ಒಂದು ಮರದ ಹಿಡಿ ಮಾಡಿಕೊಂಡಿದ್ದೇನೆ. ಅದನ್ನು ನೋಡಿ ಮಾವ ಮೂಗು ಮುರಿದರು. ತಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವಂತೆ. ನಿಮ್ಮ ಮಗನ ಕಾಲದಲ್ಲೂ ಇರಲಿಲ್ಲ, ಅದಕ್ಕೇ ಹೀಗೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಸಂಜೆ ಎದುರುಮನೆಯಾಕೆ ಬಂದು ನನ್ನ ಭುಜ ತಟ್ಟಿ, ಬೇಕು ಅಂತ ಕೂಗಿದ್ದಲ್ಲವಲ್ಲ, ಮನಸ್ಸಿಗೆ ಹಚ್ಕೋಬೇಡ ಎಂದು ಸಮಾಧಾನ ಹೇಳಿದರು. ಮಾವನ ಕಥೆಯನ್ನಾದರೂ ತಡೆದುಕೊಳ್ಳಬಹುದು. ಈ ಕ್ಷಮೆ ಇದೆಯಲ್ಲ, ಇದನ್ನು ತಡೆಯಲಾಗುವುದಿಲ್ಲ. ಅವರ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ.

ಫೆಬ್ರವರಿ 24, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಇವರು ಬ್ಯಾಂಡೇಜ್ ಬದಲಿಸಲು ಹೋಗಿದ್ದರು. ಮಾವ ಮಲಗಿದ್ದರು. ನಾನೊಬ್ಬಳೇ. ಮುಗಿದ ಪಟ್ಟಿಗಳನ್ನು ಮೇಜಿನ ಎಡಕ್ಕೆ ಜೋಡಿಸುತ್ತಾ ಬಂದಿದ್ದೆ. ಒಂದರ ಕೊನೆಯಲ್ಲಿ ಮೆಟ್ಟಿಲು ಸರಿಯಾಗಿ ಬಿದ್ದಿರಲಿಲ್ಲ, ಪಟ್ಟಿ ಒಂಚೂರು ಎದ್ದಿತ್ತೇನೋ. ಒಂದು ಹೆಬ್ಬೆರಳಷ್ಟು ಉದ್ದ, ಅಷ್ಟೇ. ಅದನ್ನು ಎತ್ತಿ, ಸುತ್ತಿ ಬಂದು, ಬಲಗಡೆಯಿಂದ ಮತ್ತೆ ಪೂರ್ತಿ ಕೊಡಬೇಕು. ಯಾರು ಸುತ್ತುತ್ತಾರೆ? ಇದ್ದಲ್ಲಿಂದಲೇ ಆ ತುದಿಯನ್ನು ಬಿಟ್‌ಗೆ ತಾಗಿಸಿ ಸವರೋಣ ಎಂದುಕೊಂಡೆ. ಎಡದಿಂದ.

ತಾಗಿದ್ದಷ್ಟೇ ಗೊತ್ತು. ಪಟ್ಟಿ ಕೈಯಿಂದ ಕಿತ್ತುಕೊಂಡು ಹೋಗಿ ಬಲಗಡೆಯ ಗೋಡೆಗೆ ಬಡಿಯಿತು. ಗಾರೆ ಉದುರಿದೆ. ಮರದ ಹಿಡಿಯಿಂದ ನೂಕಿದ್ದೆ, ಅದರ ಮೂತಿಯನ್ನು ಬಿಟ್ ತಿಂದುಹಾಕಿದೆ. ಹಿಡಿ ಇಲ್ಲದಿದ್ದರೆ ಅಲ್ಲಿ ನನ್ನ ಎಡಗೈ ಇರುತ್ತಿತ್ತು.

ಸ್ವಿಚ್ ಆರಿಸಿ ನೆಲದಲ್ಲಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಯೋಚನೆ ಬಂತು. ಇವತ್ತು ನನ್ನನ್ನು ಯಾರೂ ಕೂಗಲಿಲ್ಲ.

ಫೆಬ್ರವರಿ 25, ಮಂಗಳವಾರ

ರಾತ್ರಿಯೆಲ್ಲ ನಿನ್ನೆಯ ಪಟ್ಟಿ ಕಣ್ಣ ಮುಂದೆ. ಮುಗಿದ ಮೆಟ್ಟಿಲಿನ ಮೇಲೆ, ತುದಿಯಲ್ಲಿ, ಮೂರು ಆಳವಾದ ಕಚ್ಚು. ನಾಯಿ ಕಚ್ಚಿದ ಹಾಗೆ, ಒಂದರಿಂದೊಂದು ದೂರ. ಬಲದಿಂದ ತಳ್ಳಿದಾಗ ಆಗುವ ನುಣುಪು ಅಲ್ಲವೇ ಅಲ್ಲ.

ಬೆಳಗ್ಗೆ ಎದ್ದವಳೇ ಇವರು ಮುಗಿಸಿದ್ದ ಒಂಬತ್ತು ಬಾಗಿಲಿನ ಪಟ್ಟಿಗಳನ್ನು ಎಣಿಸಿದೆ. ಮೂವತ್ತೈದಿವೆ, ಮೂವತ್ತಾರಿರಬೇಕು. ಪ್ರತಿ ಪಟ್ಟಿಗೂ ಮಾವ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಒಂಬತ್ತನೇ ಬಾಗಿಲಿನ ಎಡಗಡೆಯ ನಿಲುವು ಪಟ್ಟಿ ಇಲ್ಲ. ಅವತ್ತು ಇವರ ಕೈಯಲ್ಲಿ ಇದ್ದದ್ದು ಅದೇ. ರಕ್ತ ಆಗಿತ್ತು, ಒಲೆಗೆ ಹಾಕಿರಬೇಕು ಎಂದು ಇಷ್ಟು ದಿನ ಎಲ್ಲರೂ ಅಂದುಕೊಂಡಿದ್ದೆವು. ಶೆಡ್ಡಿನ ಅಟ್ಟ ಹತ್ತಿದೆ. ಪ್ಲೈವುಡ್ ಹಾಳೆಗಳ ಹಿಂದೆ, ಗೋಣಿಯಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿತ್ತು.

ಬಿಸಿಲಿಗೆ ತಂದು ಬಿಚ್ಚಿದೆ. ರಕ್ತ ಒಣಗಿ ಕಂದು ಬಣ್ಣ. ಅದನ್ನು ದಾಟಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು. ಮಾವನ ಕಥೆಯಲ್ಲಿ ಪಟ್ಟಿ ಅರ್ಧ ಒಳಗೆ ಹೋಗಿತ್ತು. ಹಾಗಿದ್ದರೆ ಮೆಟ್ಟಿಲು ಅರ್ಧದವರೆಗೆ ಮಾತ್ರ ಇರಬೇಕು, ಇನ್ನರ್ಧ ಕೋರಾ ಮರ ಇರಬೇಕು. ಇಲ್ಲ. ಮೆಟ್ಟಿಲು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಇದೆ. ಕೆಲಸ ಮುಗಿದ ಪಟ್ಟಿ ಅದು. ಆ ಮುಗಿದ ಮೆಟ್ಟಿಲಿನ ಮೇಲೆ, ತುದಿಯಲ್ಲಿ, ನಾಲ್ಕು ಕಚ್ಚು. ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಅವಳಿ ಜವಳಿ.

ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದ ಮನುಷ್ಯ ಮುಗಿದ ಪಟ್ಟಿಯನ್ನು ಎಡಗಡೆಯಿಂದ ಸವರಲು ಹೋಗಿದ್ದಾರೆ. ಸುತ್ತಿ ಬರಲು ಸೋಮಾರಿತನ. ನನ್ನ ಹಾಗೇ. ಅದಕ್ಕೆ ನಲವತ್ತು ದಿನದಿಂದ ನನ್ನ ತಲೆಯ ಮೇಲೆ ಗೂಬೆ ಕೂರಿಸಿದ್ದಾರೆ! ಹದಿನಾಲ್ಕು ಮನೆಯವರು ಬಂದು ನನ್ನ ಮುಖ ನೋಡಿ ಹೋದರು. ಊಟಕ್ಕೆ ಕರೆದವಳು, ಕರೆದವಳು ಎಂದು. ನಾನು ಅನ್ನ ಬಡಿಸಲೂ ಹೆದರುತ್ತಿದ್ದೇನಲ್ಲ, ಈಗ ಹತ್ತಿರ ಹೋಗಿ ತೋಳು ಮುಟ್ಟಿ ಕರೆಯುತ್ತೇನಲ್ಲ, ಕಳ್ಳಿಯ ಹಾಗೆ. ಇಷ್ಟು ಹೊತ್ತೂ ಪೆನ್ನು ಒತ್ತಿ ಒತ್ತಿ ಹಾಳೆ ಹರಿಯಿತು. ಹರಿಯಲಿ.

ಫೆಬ್ರವರಿ 26, ಬುಧವಾರ

ಎರಡು ಪಟ್ಟಿಗಳನ್ನೂ ಇವರ ಮುಂದೆ ಇಟ್ಟೆ. ನನ್ನದು, ಇವರದು. ಇವರು ಮೊದಲು ನನ್ನ ಪಟ್ಟಿಯನ್ನು ಎತ್ತಿಕೊಂಡರು, ಕಚ್ಚುಗಳ ಮೇಲೆ ಬೆರಳಾಡಿಸಿದರು, ಮುಖ ಬಿಳಿಚಿಕೊಂಡಿತು. ನಿನಗೆ ಏನಾದರೂ ಆಯಿತಾ ಎಂದು ಕೇಳಿದರು. ಅದಕ್ಕೇ ಇನ್ನೂ ಸಿಟ್ಟು ಬಂತು.

"ನಿಮಗೆ ಗೊತ್ತಿತ್ತಾ?"

"ಹೂಂ."

"ನಾನು ಕೂಗಿದ್ದಕ್ಕೆ ತಲೆ ತಿರುಗಿಸಿದ್ರಾ?"

ಇವರು ಪಟ್ಟಿಯನ್ನು ಕೆಳಗಿಟ್ಟರು. "ನೀನು ಕೂಗೋ ಹೊತ್ತಿಗೆ ಆಗಿಹೋಗಿತ್ತು. ನಿನ್ನ ದನಿ ಕೇಳಿ ತಿರುಗಿದೆ, ಕೈ ತೋರಿಸೋಕೆ."

ಆಗಿಹೋಗಿತ್ತು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಆಗಿಹೋಗಿತ್ತು.

ನಾನು ಕೂಗಿದ್ದಕ್ಕೆ ಹೀಗಾಯಿತು ಎಂದು ಆಸ್ಪತ್ರೆಯಲ್ಲಿ ಅಪ್ಪ ಮೊದಲು ಹೇಳಿದರಂತೆ, ಯಾರೋ ಕೇಳಿದ್ದಕ್ಕೆ. ಆಗ ಇವರಿಗೆ ಮೈಮೇಲೆ ಸರಿಯಾಗಿ ಎಚ್ಚರ ಇರಲಿಲ್ಲವಂತೆ. ಆಮೇಲೆ ಎಚ್ಚರ ಬಂದಾಗ ಮಾತು ಊರೆಲ್ಲ ಓಡಾಡಿತ್ತಂತೆ. ಮೊದಲ ದಿನ ಕಲಿಯುವವನೂ ಮಾಡದ ತಪ್ಪನ್ನು ತಾನು ಮಾಡಿದೆ ಎಂದು ಅಪ್ಪನ ಮುಂದೆ ಹೇಗೆ ಹೇಳುವುದು ಎಂದು ಸುಮ್ಮನಿದ್ದರಂತೆ. ನಾನು ಸುಮ್ಮನಿದ್ದೆ ಅಷ್ಟೆ ಎಂದರು. ಅಷ್ಟೆ! ಆ 'ಅಷ್ಟೆ' ಎಂಬುದನ್ನು ಹಿಡಿದು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಅಪ್ಪನಿಗೆ ಹೇಳುತ್ತೇನೆ, ಎರಡು ದಿನ ಕೊಡು ಎಂದರು. ಪಟ್ಟಿಯನ್ನು ಅಟ್ಟದಲ್ಲಿಟ್ಟಿದ್ದು ನೀವೇನಾ ಎಂದು ಕೇಳಿದೆ. ತಾನು ಆಸ್ಪತ್ರೆಯಲ್ಲಿದ್ದೆನಲ್ಲ ಎಂದರು.

ಫೆಬ್ರವರಿ 28

ಹೇಳಿಲ್ಲ. ನಾನು ನಾಲ್ಕು ಬಾಗಿಲು ಜೋಡಿಸಿದೆ.

ಮಾರ್ಚ್ 2

ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಇವತ್ತು ಡಾಕ್ಟರು ಇವರಿಗೆ ಹಗುರ ಕೆಲಸ ಮಾಡಬಹುದು ಎಂದಿದ್ದಾರೆ. ಮನೆಗೆ ಬಂದವರೇ ಇವರು ಮೆಷಿನ್ ಹತ್ತಿರ ಹೋಗಿ ನಿಂತರು. ಮಾವ ನನ್ನ ಕಡೆ ತಿರುಗಿ, ಅವನು ಕೆಲಸ ಮಾಡುವಾಗ ಸ್ವಲ್ಪ ಹೊರಗೆ ಇರಮ್ಮ ಎಂದರು.

ಸಿಟ್ಟು ನೆತ್ತಿಗೇರಿತು. ಗೋಣಿ ಸಮೇತ ಪಟ್ಟಿ ತಂದು ಅವರ ತೊಡೆಯ ಮೇಲೆ ಇಟ್ಟೆ. ಅವರು ಬಿಚ್ಚಲೂ ಇಲ್ಲ. ಗೋಣಿ, ದಾರ ಎರಡೂ ತಾವು ಸುತ್ತಿಟ್ಟದ್ದೇ ಎಂದು ಗೊತ್ತಾಯಿತಲ್ಲ.

"ನೀವು ಇದನ್ನ ಅವತ್ತೇ ನೋಡಿದ್ರಿ ಅಲ್ವಾ ಮಾವ?"

ನೋಡಿದ್ದರು. ಇವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ನೆಲದಿಂದ ಎತ್ತಿಕೊಂಡು ನೋಡಿದ್ದರು, ಒಂದು ಕ್ಷಣದಲ್ಲಿ ತಿಳಿದಿತ್ತು, ಬಚ್ಚಿಟ್ಟಿದ್ದರು. ಅಪ್ಪನಿಗೆ ಗೊತ್ತಾಗಬಾರದು ಎಂದು ಮಗ ಬಾಯಿಗೆ ಬೀಗ ಹಾಕಿಕೊಂಡಿದ್ದರೆ, ಮಗನ ಮರ್ಯಾದೆಗೆ ಎಂದು ಅಪ್ಪ ಕಥೆ ಕಟ್ಟಿಕೊಂಡು ತಿರುಗಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಧ್ಯದಲ್ಲಿ ನಾನು ನಿಂತಿದ್ದೆ.

"ಅವನು ನಾಳೆ ಮತ್ತೆ ಮೆಷಿನ್ ಮುಂದೆ ನಿಲ್ಲಬೇಕು," ಎಂದರು ಮಾವ. "ತಪ್ಪು ಅವನದೇ ಅಂತ ಗೊತ್ತಾದ್ರೆ ಯಾರು ನಂಬಿ ಕೆಲಸ ಕೊಡ್ತಾರೆ? ನೀನು ಮನೆಯವಳು. ನಾಲ್ಕು ದಿನ ಮಾತು ಕೇಳ್ತೀಯ, ತಡ್ಕೊಳ್ತೀಯ ಅಂದ್ಕೊಂಡೆ."

ಮನೆಯವಳಂತೆ. ನಾನು ಒಂದು ಮಾತೂ ಬೈಯಲಿಲ್ಲ. ಸ್ಪ್ಯಾನರ್ ತಗೊಂಡು ರೌಟರಿನ ಬಿಟ್ ಕಳಚಿದೆ, ತಂದು ಬೇಳೆ ಡಬ್ಬಿಯೊಳಗೆ ಹಾಕಿದೆ. ಯಾವ ಯಾವ ಮನೆಗೆ ಆ ಮಾತು ಹೋಗಿದೆಯೋ ಆ ಮನೆಗಳಿಗೆ ನೀವಿಬ್ಬರೇ ಹೋಗಿ ವಾಪಸ್ ತಗೊಂಡು ಬನ್ನಿ, ಅಲ್ಲಿಯವರೆಗೆ ಈ ಮನೆಯಲ್ಲಿ ಮೆಷಿನ್ ತಿರುಗುವುದಿಲ್ಲ ಎಂದೆ. ಲೈಬ್ರರಿಗೆ ಎಂಟೇ ದಿನ ಉಳಿದಿದೆ ಎಂದು ಇವರು ಅಂದರು. ನನಗೂ ಲೆಕ್ಕ ಬರುತ್ತದೆ ಎಂದೆ.

ಮಾರ್ಚ್ 5, ಬುಧವಾರ

ಬೆಳಗ್ಗೆಯೇ ಇವರು ಹೊರಟರು. ಕೋಲು ಹಿಡಿದು ಮಾವ ಹಿಂದೆ. ಮುದುಕರು ಎರಡು ಹೆಜ್ಜೆಗೊಮ್ಮೆ ನಿಲ್ಲುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕರುಣೆ ಬರಲಿ ಎಂದು ಕಾದೆ, ಬರಲಿಲ್ಲ.

ಮಧ್ಯಾಹ್ನ ವಾಪಸ್ ಬಂದರು. ಏಳು ಮನೆ ಆಯಿತಂತೆ. ಏನಂದರು ಎಂದು ಕೇಳಿದೆ. ಇವರು ಚಪ್ಪಲಿ ಬಿಡುತ್ತಾ ಬಗ್ಗಿಯೇ ಇದ್ದರು.

"ಹೆಂಡತಿ ಮೇಲೆ ಎಷ್ಟು ಪ್ರೀತಿ ನಿನಗೆ ಅಂದ್ರು."

ಮೊದಲು ಅರ್ಥವಾಗಲಿಲ್ಲ. ಎದುರುಮನೆಯಾಕೆ ಕಣ್ಣಲ್ಲಿ ನೀರು ತಂದುಕೊಂಡರಂತೆ. ತಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡು ಹೆಂಡತಿಯನ್ನು ಕಾಪಾಡುತ್ತಿದ್ದೀಯ, ಬೇರೆ ಯಾರಾದರೂ ಆಗಿದ್ದರೆ ಮನೆ ಬಿಟ್ಟು ಓಡಿಸುತ್ತಿದ್ದರು ಎಂದರಂತೆ. ಪಾನ್ ಅಂಗಡಿಯವನು ನಮಗೆ ಗೊತ್ತಾಗಲ್ವಾ ಅಣ್ಣ ಎಂದು ಕಣ್ಣು ಮಿಟುಕಿಸಿದನಂತೆ. ಮಾವ ಆಣೆ ಮಾಡಿದರಂತೆ. ಅದಕ್ಕೂ ಜನ, ಸೊಸೆ ಹೇಳಿಕೊಟ್ಟು ಕಳಿಸಿದ್ದಾಳೆ, ಪಾಪ ಅಂದರಂತೆ.

ನಾನೇ ಪಟ್ಟಿ ಎತ್ತಿಕೊಂಡು ಎದುರುಮನೆಗೆ ಹೋದೆ. ಮೆಟ್ಟಿಲು ತೋರಿಸಿದೆ, ಕಚ್ಚು ತೋರಿಸಿದೆ, ಬಲ ಎಡ ಎಲ್ಲ ವಿವರಿಸಿದೆ. ಆಕೆ ರಕ್ತದ ಕಲೆ ನೋಡಿ ಮುಖ ತಿರುಗಿಸಿದರು. ಮರವನ್ನು ನೋಡಲೇ ಇಲ್ಲ. ಈ ಪಟ್ಟಿಯನ್ನು ಓದಬಲ್ಲವರು ಇಲ್ಲಿ ಮೂರೇ ಜನ, ಮೂವರೂ ನಮ್ಮ ಮನೆಯಲ್ಲೇ ಇದ್ದೇವೆ. ಯಾರ ಹತ್ತಿರ ನ್ಯಾಯ ಕೇಳಲಿ?

ಮಾರ್ಚ್ 6, ಗುರುವಾರ

ಉಳಿದ ಏಳು ಮನೆಗೂ ಹೋಗಿ ಬಂದರು. ಅಲ್ಲೂ ಅದೇ. ಮಾವನ ಮಂಡಿ ಊದಿದೆ, ಎಣ್ಣೆ ಕಾಯಿಸಿ ಕೊಟ್ಟೆ. ಕೊಡುವಾಗ ಬಟ್ಟಲು ಕುಕ್ಕಿ ಇಟ್ಟೆ.

ಹೇಳಿ ಬನ್ನಿ ಎಂದಿದ್ದೆ, ಹೇಳಿ ಬಂದಿದ್ದಾರೆ. ನಂಬಿಸಿ ಬನ್ನಿ ಎಂದಿರಲಿಲ್ಲ. ಬೇಳೆ ಡಬ್ಬಿಯಿಂದ ಬಿಟ್ ತೆಗೆದು ಒರೆಸಿದೆ. ಇವರು ನಾನು ಹಾಕಲಾ ಎಂದು ಕೈ ಚಾಚಿದರು. ಬೇಡ, ನನ್ನ ಮೆಷಿನ್‌ಗೆ ನಾನೇ ಹಾಕುತ್ತೇನೆ ಎಂದೆ. ಪೂರ್ತಿ ಒಳಕ್ಕೆ ತಳ್ಳಿ, ಕಡ್ಡಿಯಷ್ಟು ಹಿಂದಕ್ಕೆಳೆದು, ಆಮೇಲೆ ಬಿಗಿ ಮಾಡಬೇಕು. ಇವರು ಯಾವತ್ತೂ ಕೊನೆವರೆಗೆ ತುರುಕಿಬಿಡುತ್ತಿದ್ದರು. ಹಾಗೆ ಮಾಡಿದರೆ ಹಿಡಿತ ಕೂರುವುದಿಲ್ಲ.

ಮಾರ್ಚ್ 9, ಭಾನುವಾರ

ಇಪ್ಪತ್ತನಾಲ್ಕೂ ಆಯಿತು. ಇವರು ಎಡಗಡೆ ನಿಂತು ಬಲಗೈಯಲ್ಲಿ ಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಪ್ರತಿ ಸಲ ಕೈ ದೂರ ಇಡಿ ಎಂದು ಗದರಿದೆ. ಪ್ರತಿ ಸಲ ಇಟ್ಟರು.

ಮಾರ್ಚ್ 11, ಮಂಗಳವಾರ

ಬಾಗಿಲು ಕೂರಿಸಿ ಬಂದೆವು. ಗಾಜು ಒಂದೂ ಅಲುಗಾಡುವುದಿಲ್ಲ. ಲೈಬ್ರರಿ ಮೇಡಂ ಒಂದೊಂದೇ ಬಾಗಿಲು ತೆಗೆದು ಹಾಕಿ ನೋಡಿ, ಮಕ್ಕಳ ಕೋಣೆಗೂ ಹೀಗೇ ಬೇಕು ಎಂದು ಇವರಿಗೆ ಹೇಳಿದರು. ಇವರು ನನ್ನ ಕಡೆ ಕೈ ತೋರಿಸಿದರು. ಅಳತೆ ಕೊಡಿ, ಏಪ್ರಿಲ್‌ನಲ್ಲಿ ನೋಡುತ್ತೇನೆ ಎಂದೆ.

ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಇಂಥ ಗಂಡ ಸಿಗಬೇಕು, ಊರೆಲ್ಲ ತಿರುಗಿ ತಪ್ಪು ತನ್ನದೇ ಅಂದರಂತೆ ಎಂದು ನಕ್ಕರು. ಪಟ್ಟಿ ಕೈಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಇವರಿಗೆ ಕೇಳಿಸಿತು. ಒಳ್ಳೆಯತನ ಅಲ್ಲ ಮೇಡಂ, ಇವಳು ಕರೆಯುವ ಮೊದಲೇ ಬೆರಳು ಹೋಗಿತ್ತು ಎಂದರು. ಮೇಡಂ ಇನ್ನೂ ಮೆಚ್ಚುಗೆಯಿಂದ ನೋಡಿದರು.

ಬಾಡಿಗೆ ವ್ಯಾನಿನ ಹಿಂದೆ, ಖಾಲಿ ಗೋಣಿಗಳ ಮೇಲೆ, ಎದುರುಬದುರು ಕೂತಿದ್ದೆವು. ಇವರು ಮೊಂಡು ಬೆರಳುಗಳನ್ನು ಸವರಿಕೊಳ್ಳುತ್ತಾ, ನಾಳೆ ಮತ್ತೆ ಒಂದು ಸುತ್ತು ಹೋಗಿ ಎಲ್ಲರಿಗೂ ಹೇಳುತ್ತೇನೆ, ನಂಬುವವರೆಗೂ ಹೇಳುತ್ತೇನೆ ಎಂದರು.

"ಊರಿಗೆಲ್ಲ ಹೇಳಿದ್ರಿ. ನನಗೆ ಹೇಳಿಲ್ಲ."

ನಿನಗೆ ಗೊತ್ತಲ್ಲ, ನೀನೇ ಕಂಡುಹಿಡಿದೆಯಲ್ಲ ಎಂದರು.

"ಅದು ಗೊತ್ತಾಗೋವರೆಗೆ ನಲವತ್ತು ದಿನ ನಾನೂ ನಂಬಿದ್ದೆ. ನಾನೇ ನಿಮ್ಮ ಬೆರಳು ತೆಗೆದೆ ಅಂತ. ಪಾತ್ರೆ ತೊಳೆಯೋವಾಗ, ಮಲಗೋವಾಗ, ನಿಮಗೆ ಊಟ ಕಲಸಿಕೊಡೋವಾಗ."

ಇದನ್ನು ನಾನು ಇಲ್ಲಿ ಕೂಡ ಇಷ್ಟು ಬಿಡಿಸಿ ಬರೆದಿರಲಿಲ್ಲ. ಇವರು ನನ್ನ ಮುಖ ನೋಡಲಾರದೆ ಗೋಣಿ ನೋಡಿದರು. ವ್ಯಾನು ಕುಲುಕಾಡುತ್ತಿತ್ತು.

"ನಿನ್ನ ತಪ್ಪಲ್ಲ," ಎಂದರು.

ನಾನು ಅಳುತ್ತೇನೆ ಎಂದು ಕಾದರು. ನನಗೆ ಅಳು ಬರಲಿಲ್ಲ, ಇನ್ನೂ ಸಿಟ್ಟೇ ಇತ್ತು. ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಮತ್ತೊಂದು ಸಲ ಎಂದೆ. ಮನೆ ಬರುವವರೆಗೂ ಹೇಳಿಸಿದೆ.